ಇರೋದೇ ಹದಿನಾಲ್ಕು ಜನ

"ಆ ಫೋನನ್ನ ಕಲ್ಲಲ್ಲಿ ಜಜ್ಜಿ ಹಾಕ್ತೀನಿ. ಆ ಡೈರಿನ ಒಲೆಗೆ ಹಾಕ್ತೀನಿ. ಆಗ ನೋಡು, ಎಲ್ಲಾ ತಾನಾಗೇ ಸರಿ ಹೋಗತ್ತೆ!"

ಈ ಮಾತು ಕೇಳದ ಮನೆ ಯಾವುದಿದೆ ಹೇಳಿ? ಆ ಸೋಮವಾರ ಸಂಜೆ ಹೀಗೆ ಕೂಗಾಡುತ್ತಿದ್ದವನು ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್ಕು. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಒಳಕೋಣೆಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಒಳಗಿದ್ದದ್ದು ಅವನ ಒಬ್ಬಳೇ ಮಗಳು, ಹದಿನೈದು ವರ್ಷ. ಪರೀಕ್ಷೆಗೆ ಉಳಿದದ್ದು ಹನ್ನೊಂದು ದಿನ. "ಇನ್ನು ಆ ಶಾಲೆಗೆ ಕಾಲಿಡಲ್ಲ. ಪರೀಕ್ಷೆನೂ ಬೇಡ, ಏನೂ ಬೇಡ" ಎಂದು ಹೇಳಿ ಒಳಗೆ ಹೋದವಳು ನೀರಿಗೂ ಹೊರಗೆ ಬಂದಿರಲಿಲ್ಲ.

ಅವಳ ಅಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಗಂಡನನ್ನು ತಡೆಯಲು ಬಾಯಿ ಎಲ್ಲಿತ್ತು? ಮಾಡಿದ್ದೆಲ್ಲಾ ಅವಳೇ.

ಅಮ್ಮ ಅಂಗಿ ಹೊಲಿಯುವ ಫ್ಯಾಕ್ಟರಿಯ ನಾಲ್ಕನೇ ಲೈನಿನಲ್ಲಿ ಚೆಕ್ಕರ್. ಒಬ್ಬಳು ಕಾಲರ್ ಕೂರಿಸುತ್ತಾಳೆ, ಒಬ್ಬಳು ಕಫ್, ಒಬ್ಬಳು ಗುಂಡಿ. ಕೊನೆಗೆ ಅಂಗಿ ಇವಳ ಮೇಜಿಗೆ ಬರುತ್ತದೆ. ಒಳಮೈ ಹೊರಗೆ ಮಾಡಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ, ಒಂದು ಹೊಲಿಗೆ ತಪ್ಪಿದ್ದರೂ ಅಲ್ಲಿಗೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುತ್ತಾಳೆ. ಆಮೇಲೆ ಅಂಗಿಯನ್ನು ಎತ್ತಿ ಹಿಡಿದು ಇಡೀ ಲೈನಿಗೆ ತೋರಿಸುತ್ತಾಳೆ: "ನೋಡ್ರಮ್ಮಾ, ಇಲ್ಲಿ!" ತಪ್ಪು ಎಲ್ಲರೂ ನೋಡಿದರೆ ಇನ್ನೊಬ್ಬರು ಮಾಡುವುದಿಲ್ಲ ಅನ್ನುವ ಲೆಕ್ಕ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹತ್ತು ವರ್ಷದಿಂದ ಇದೇ ಕೆಲಸ, ಅದಕ್ಕೇ ಎಲ್ಲರ ಬಾಯಲ್ಲಿ ಅವಳು ಬಾಣದಕ್ಕ.

ಹಿಂದಿನ ದಿನ, ಭಾನುವಾರ, ಹಾಸಿಗೆಯ ಹೊದಿಕೆ ಬದಲಿಸುವಾಗ ಬಾಣದಕ್ಕನ ಕೈಗೆ ಮಗಳ ಡೈರಿ ಸಿಕ್ಕಿತು. ಓದಬಾರದೆಂದು ಗೊತ್ತಿತ್ತು. ಓದಿದಳು.

"ಎಡಗಿವಿಯ ಹಿಂದೆ ಕೂದಲು ಉದುರಿ ಬೋಳಾಗಿದೆ. ಕೋಟಿನ ಗುಂಡಿಯಷ್ಟು. ಯಾರಿಗೂ ಕಾಣದ ಹಾಗೆ ಜಡೆ ಹಾಕುವುದನ್ನು ಕಲಿತಿದ್ದೇನೆ" ಎಂದಿತ್ತು. ಅದರ ಕೆಳಗೆ, "ನನ್ನ ಸಂಕಟ ಅರ್ಥವಾಗುವುದು ಫೋನಿನ ಗುಂಪಿನ ಆ ಏಳು ಜನಕ್ಕೆ ಮಾತ್ರ." ಆ ಏಳರಲ್ಲಿ ಒಬ್ಬಳ ಹೆಸರು, ಅವಳ ಶಾಲೆ, ಅವಳು ತಲೆಯಿಂದ ಟೋಪಿ ಯಾಕೆ ತೆಗೆಯುವುದಿಲ್ಲ ಅನ್ನುವುದೂ ಇತ್ತು. ಕೊನೆಯ ಸಾಲು: "ಅಮ್ಮನಿಗೆ ಹೇಳಲಾರೆ. ಅಮ್ಮ ನನ್ನನ್ನು ನೋಡುವುದೇ ತಪ್ಪು ಹುಡುಕಲಿಕ್ಕೆ."

ದಿನಕ್ಕೆ ಐನೂರು ಅಂಗಿಯ ಹೊಲಿಗೆ ಎಣಿಸುವ ಕಣ್ಣಿಗೆ ಮಗಳ ತಲೆ ಕಂಡಿರಲಿಲ್ಲವಲ್ಲ! ಅದಿರಲಿ, ಈ ಏಳು ಜನ ಯಾರು? ಗಂಡಸರೋ, ಮೋಸಗಾರರೋ? ಮಗಳನ್ನೇ ಕೂರಿಸಿಕೊಂಡು ಕೇಳಬಹುದಿತ್ತು. ಆದರೆ ಕೈ ತನ್ನ ರೂಢಿಯಂತೆ ಚೀಲಕ್ಕೆ ಹೋಯಿತು. ಮೂರು ಸಾಲಿಗೆ ಮೂರು ಕೆಂಪು ಬಾಣ ಅಂಟಿಸಿ, ಫೋಟೋ ಹೊಡೆದು, ನಾಲ್ಕನೇ ಲೈನಿನ ಹೆಂಗಸರ ಫೋನ್ ಗುಂಪಿಗೆ ಹಾಕಿದಳು. "ಏನ್ ಮಾಡ್ಲಿ ಹೇಳ್ರಮ್ಮಾ. ಯಾರಿಗೂ ಹೇಳ್ಬೇಡಿ." ಇರೋದೇ ಹದಿನಾಲ್ಕು ಜನ, ಎಲ್ಲಾ ನಮ್ಮವರೇ, ಅಂದುಕೊಂಡಳು.

ನಮ್ಮವರು ಸುಮ್ಮನಿರುತ್ತಾರೆಯೇ? ಗುಂಡಿ ಹೊಲಿಯುವವಳು "ಯಾವನೋ ಹುಡುಗನ ವಿಷಯ ಇರತ್ತೆ, ಹುಷಾರು" ಎಂದಳು. ಕಾಲರ್ ಹೊಲಿಯುವವಳು, "ನಮ್ಮಕ್ಕನ ಮಗಳಿಗೂ ಕೂದಲು ಉದುರ್ತಿತ್ತು, ಏನು ಹಚ್ಚಿದ್ರು ಕೇಳ್ತೀನಿ ತಾಳು" ಎಂದು ಫೋಟೋವನ್ನು ಹಾಗೇ ಅಕ್ಕನಿಗೆ ಕಳಿಸಿದಳು. ಅಕ್ಕ ಮಗಳಿಗೆ ತೋರಿಸಿದಳು. ಆ ಮಗಳು ಓದುವುದೂ ಬಾಣದಕ್ಕನ ಮಗಳ ಶಾಲೆಯಲ್ಲೇ. ಸೋಮವಾರ ಮಧ್ಯಾಹ್ನದೊಳಗೆ ಫೋಟೋ ಬಾಣಗಳ ಸಮೇತ ಇಡೀ ತರಗತಿಯ ಫೋನಿನಲ್ಲಿತ್ತು. ಬಿಡುವಿನಲ್ಲಿ ಇಬ್ಬರು ಹಿಂದಿನಿಂದ ಬಂದು ಬಾಣದಕ್ಕನ ಮಗಳ ಜಡೆ ಹಿಡಿದೆಳೆದರು. "ಎಲ್ಲೇ ನಿನ್ನ ಗುಂಡಿ? ತೋರ್ಸೇ!"

ಮನೆಗೆ ಬಂದವಳು ಚೀಲ ಕೂಡ ಇಳಿಸಲಿಲ್ಲ.

"ನಾನೇನು ಶರ್ಟಾ ಅಮ್ಮಾ?"

"ಅಲ್ಲ ಕಣೇ ಕೂಸೇ, ನಿನ್ನ ಒಳ್ಳೇದಕ್ಕೆ..."

"ರಿಜೆಕ್ಟ್ ಪೀಸಾ ನಾನು? ಎತ್ತಿ ಹಿಡಿದು ತೋರಿಸಿದ್ಯಲ್ಲ! ನನ್ನ ತಲೆ ಹಾಳಾಗಿ ಹೋಗ್ಲಿ. ಆ ಹುಡುಗಿ ನಿಂಗೇನು ಮಾಡಿದ್ಲು? ನನ್ನೊಬ್ಬಳನ್ನ ನಂಬಿ ಹೇಳಿದ್ಲು. ಈಗ ಅವಳ ಹೆಸರು ಊರಿನ ಬಾಯಲ್ಲಿದೆ. ಯಾವ ಮುಖ ಇಟ್ಕೊಂಡು ಆ ಗುಂಪಲ್ಲಿರ್ಲಿ? ನಾನೇ ಹೊರಗೆ ಬಂದೆ. ನಂಗೆ ಇದ್ದಿದ್ದು ಅದೊಂದೇ ಜಾಗ!"

ಬಟ್ಟೆ ನೆನೆಸಿಟ್ಟ ಬಕೆಟ್ಟಿಗೆ ಡೈರಿಯನ್ನು ಹಾಕಿ, ಎರಡೂ ಕೈಯಿಂದ ಅದುಮಿ ಹಿಡಿದಳು. ಶಾಯಿ ಬಿಟ್ಟುಕೊಂಡು ನೀರು ನೀಲಿಯಾಗುವ ತನಕ ಕೈ ತೆಗೆಯಲಿಲ್ಲ. ಆಮೇಲೆ ಚಿಲಕ ಹಾಕಿಕೊಂಡಳು. ಅಪ್ಪ ಬಂದು ಒಲೆಗೆ ಹಾಕ್ತೀನಿ ಎಂದು ಕೂಗಾಡುವಾಗ ಡೈರಿ ಆ ಬಕೆಟ್ಟಿನಲ್ಲೇ ಇತ್ತು.

ಮಂಗಳವಾರ ಊಟದ ಬಿಡುವಿನಲ್ಲಿ ಬಾಣದಕ್ಕ ಸೀದಾ ಕ್ಯಾಂಟೀನಿನ ಕೊನೆಯ ಮೇಜಿಗೆ ನುಗ್ಗಿದಳು.

"ಏಯ್ ಕಾಲರ್! ಯಾರಿಗೂ ಹೇಳ್ಬೇಡಿ ಅಂತ ಬರೆದಿದ್ದು ಕಾಣ್ಲಿಲ್ವಾ? ಕಣ್ಣು ಬಾಡಿಗೆಗೆ ಕೊಟ್ಟಿದ್ಯಾ?"

"ಒಳ್ಳೇದಕ್ಕೇ ಕಳಿಸಿದ್ದು ಕಣಕ್ಕಾ. ಹೀಗಾಗತ್ತೆ ಅಂತ..."

"ನಿನ್ನ ಒಳ್ಳೇತನಕ್ಕೆ ಬೆಂಕಿ ಬೀಳ! ನನ್ನ ಮಗಳು ಅನ್ನ ಬಿಟ್ಟು ಕೂತಿದ್ದಾಳೆ!"

ಕಾಲರ್ ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದು ನಿಂತಳು. "ಹೌದಕ್ಕಾ, ತಪ್ಪು ಮಾಡ್ದೆ. ನಿನ್ನ ಕೇಳದೆ ಕಳಿಸ್ದೆ. ನೀನು? ಮಗಳನ್ನ ಕೇಳಿ ಹಾಕಿದ್ಯಾ? ಬಾ, ಇಬ್ರೂ ಒಂದೇ ತಕ್ಕಡೀಲಿ ಕೂತ್ಕೊಳ್ಳೋಣ. ಯಾರು ಭಾರ ನೋಡೋಣ."

ಬಾಣದಕ್ಕ ತಲೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತುಬಿಟ್ಟಳು. ನಾಲ್ಕು ಜನ ಬಂದು ಅವಳನ್ನು ಪ್ರಥಮ ಚಿಕಿತ್ಸೆಯ ಕೋಣೆಗೆ ಕರೆದೊಯ್ದರು. ಅಲ್ಲಿ ನರ್ಸ್ ಇದ್ದರು. ಎಲ್ಲರೂ ಸಿಸ್ಟರ್ ಎಂದೇ ಕರೆಯುವುದು.

"ಕೂತ್ಕೋ. ಬಿಪಿ ನೋಡ್ತೀನಿ."

"ನನ್ನ ಬಿಪಿ ಹಾಳಾಗ್ಲಿ ಸಿಸ್ಟರ್. ಮಗಳ ಕೂದಲಿಗೇನು ಮಾಡ್ಲಿ?"

ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಸಿಸ್ಟರ್ ಹೇಳಿದರು. "ಕೂದಲಿಗೆ ಚರ್ಮದ ಡಾಕ್ಟರ್ ಇದ್ದಾರೆ. ಹೀಗೆ ದುಂಡಗೆ ಉದುರೋದು ತುಂಬಾ ಮಕ್ಕಳಿಗೆ ಆಗತ್ತೆ, ಒಬ್ಬರಿಂದ ಒಬ್ಬರಿಗೆ ಅಂಟಲ್ಲ, ಹೆಚ್ಚಿನವರಿಗೆ ಮತ್ತೆ ಬೆಳೆಯತ್ತೆ. ಅದಲ್ಲ ದೊಡ್ಡ ಗಾಯ. ಹದಿನಾಲ್ಕೇ ಜನ ಅಂದ್ಯಲ್ಲ, ಹದಿನಾಲ್ಕು ಜನ ಅಂದ್ರೆ ಹದಿನಾಲ್ಕು ಮನೆ ಕಣಮ್ಮ. ಮನೆಗೆ ನಾಲ್ಕು ಫೋನು. ಚಿಕ್ಕ ಗುಂಪು ಅಂತ ಅದಕ್ಕೆ ಬಾಗಿಲು ಇರತ್ತಾ? ನೀನು ಹಾಕಬೇಕು ಬಾಗಿಲು. ನಿಮ್ಮ ಗುಂಪಿಗೆ ಒಂದಾದ್ರೂ ನಿಯಮ ಇದ್ಯಾ?"

"ಬೆಳಿಗ್ಗೆ ಹೂವಿನ ಚಿತ್ರ ಹಾಕ್ಬಾರದು ಅಂತ ಇದೆ."

"ಅದನ್ನಾದ್ರೂ ಪಾಲಿಸ್ತೀರಾ?"

"ಇಲ್ಲ."

ಸಿಸ್ಟರ್ ಕ್ಯಾಂಟೀನಿಗೆ ಬಂದು ನಿಂತರು. ಹದಿನಾಲ್ಕೂ ಹೆಂಗಸರು ಅವರ ಕಣ್ಣೆದುರೇ ಫೋಟೋ ಅಳಿಸಬೇಕಾಯಿತು. ಗುಂಪಿನಿಂದ, ಫೋನಿನ ಫೋಟೋಗಳ ಪೆಟ್ಟಿಗೆಯಿಂದ, ಆಮೇಲೆ ಅಳಿಸಿದ್ದೆಲ್ಲಾ ಹೋಗಿ ಬೀಳುವ ಕಸದ ಬುಟ್ಟಿಯಿಂದಲೂ. ಕಾಲರ್ ಅಲ್ಲಿಂದಲೇ ಅಕ್ಕನಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದಳು. ಆದರೂ ತರಗತಿಯ ಫೋನುಗಳಿಂದ ಅದನ್ನು ಇಲ್ಲಿ ನಿಂತು ಅಳಿಸಲಾಗಲಿಲ್ಲ. ಒಮ್ಮೆ ಹೊರಟಿದ್ದನ್ನು ಪೂರ್ತಿ ಹಿಡಿದು ತರಲು ಯಾವ ಸಿಸ್ಟರಿಗೂ ಆಗುವುದಿಲ್ಲ.

ಸಂಜೆ ಸಿಸ್ಟರ್ ಮೂರು ಮಹಡಿ ಹತ್ತಿ ಮನೆಗೇ ಬಂದರು. ಮೆಕ್ಯಾನಿಕ್ಕು ಇನ್ನೂ ಉರಿಯುತ್ತಿದ್ದ.

"ಡೈರಿ ಬರೀಲಿಕ್ಕೆ ಇವಳೇನು ಮಂತ್ರಿನಾ ಸಿಸ್ಟರ್? ಬರೆದಿದ್ದಕ್ಕೇ ತಾನೇ ಇಷ್ಟೆಲ್ಲಾ ಆಗಿದ್ದು? ಮೊದಲು ಡೈರಿ ಬಂದ್ ಆಗ್ಬೇಕು. ಆಮೇಲೆ ಆ ಗುಂಪು. ಗೊತ್ತಿಲ್ಲದ ಏಳು ಜನರ ಹತ್ರ ಏನ್ರೀ ಮಾತು, ಮನೇಲಿ ಅಪ್ಪ ಅಮ್ಮ ಸತ್ತಿದ್ದಾರಾ?"

"ನೀವು ಫೋನಲ್ಲಿ ಯಾವ ಗುಂಪಲ್ಲೂ ಇಲ್ವಾ?"

"ಇದ್ದೀನಿ, ಅದು ಕೆಲಸದ್ದು. ಮೆಕ್ಯಾನಿಕ್‌ಗಳೇ ಆರು ಜನ. ಒಬ್ಬನ ಮುಖಾನೂ ನೋಡಿಲ್ಲ. ಹಳೇ ಲಿಫ್ಟಿನ ಬೋರ್ಡ್ ಕೆಟ್ರೆ ಅವರೇ ಗತಿ."

"ಮನೇಲೇ ಕೇಳ್ಬಹುದಲ್ಲ? ಹೆಂಡತಿ ಇದ್ದಾರೆ, ಮಗಳಿದ್ದಾಳೆ."

"ಅಯ್ಯೋ, ಆ ಕಷ್ಟ ಬಿದ್ದವರಿಗೆ ಗೊತ್ತು ಸಿಸ್ಟರ್, ಮನೆಯವರಿಗೆ ಏನು..." ಎಂದವನು ಅಲ್ಲೇ ನಿಂತ. ತನ್ನ ಮಾತು ತನ್ನ ಕಿವಿಗೇ ಬಿದ್ದಿತ್ತು.

ಬಾಗಿಲ ಆಚೆಯಿಂದ ಮಗಳ ದನಿ ಬಂತು, ಚಾಕುವಿನ ಹಾಗೆ.

"ನಮ್ಮ ಗುಂಪನ್ನ ನಡೆಸೋದು ಒಬ್ಬ ಟೀಚರ್, ಅಪ್ಪಾ. ಅವರಿಗೂ ಹತ್ತನೇ ವಯಸ್ಸಿಂದ ಇದೇ ಕಾಯಿಲೆ. ಅಲ್ಲಿ ಫೋಟೋ ಕೇಳೋ ಹಾಗಿಲ್ಲ, ವಿಳಾಸ ಕೇಳೋ ಹಾಗಿಲ್ಲ, ಅಲ್ಲಿ ಹೇಳಿದ್ದು ಅಲ್ಲೇ. ವಾರಕ್ಕೊಂದು ಸಲ ಅವರವರ ಡೈರಿಯಿಂದ ಅವರಿಗೆ ಬೇಕಾದಷ್ಟು ಓದ್ತಾರೆ. ಬೇಡ ಅಂದ್ರೆ ಸುಮ್ಮನಿರ್ತಾರೆ. ನಾಲ್ಕು ತಿಂಗಳಲ್ಲಿ ಒಬ್ಬರ ಮಾತೂ ಹೊರಗೆ ಹೋಗಿಲ್ಲ. ಹೊರಗೆ ಹೋಗಿದ್ದು ನಮ್ಮನೆಯಿಂದ!"

ಸಿಸ್ಟರ್ ಬಾಗಿಲಿಗೆ ಹತ್ತಿರ ಸರಿದರು. "ನಿನ್ನ ಕೋಪ ನ್ಯಾಯವಾಗಿದೆ ಮಗಳೇ. ಒಂದು ಮಾತು ಮಾತ್ರ ಒಪ್ಕೋ. ಯಾರು ನಡೆಸ್ತಾರೆ, ನಿಯಮ ಏನು, ಯಾರಾದ್ರೂ ಫೋಟೋ ಕೇಳಿದ್ರಾ, ಒಬ್ಬಳೇ ಬಾ ಅಂದ್ರಾ, ಮನೇಲಿ ಹೇಳ್ಬೇಡ ಅಂದ್ರಾ ಅಂತ ಅಪ್ಪ ಅಮ್ಮ ಕೇಳ್ಬೇಕು. ಅದು ಅವರ ಕೆಲಸ."

"ಕೇಳ್ಲಿ ಸಿಸ್ಟರ್! ಕೇಳಿದ್ರೆ ಹೇಳ್ತಿದ್ದೆ. ಕದ್ದು ಓದಿದ್ರು!"

ಚಿಲಕ ಸರಿಯಿತು. ಮಗಳ ಮುಖ ಊದಿತ್ತು, ಕೂದಲು ಬಿಚ್ಚಿಕೊಂಡಿತ್ತು. ಅಮ್ಮನ ಫೋನನ್ನು ತೆಗೆದುಕೊಂಡು ಅಮ್ಮನ ಮುಂದೆಯೇ ಹಿಡಿದಳು.

"ನಿನ್ನ ಗುಂಪಿಗೆ ಹೇಳು. ಬರೀಬೇಡ, ಬಾಯಿಬಿಟ್ಟು ಹೇಳು. ನಾನು ಕೇಳಿಸ್ಕೋಬೇಕು."

ಬಾಣದಕ್ಕ ರೆಕಾರ್ಡಿನ ಗುಂಡಿ ಒತ್ತಿ ಮಾತು ಶುರು ಮಾಡಿದಳು. "ಎಲ್ಲರಿಗೂ ನಮಸ್ಕಾರ. ಮಗಳ ಒಳ್ಳೇದಕ್ಕೆ ಅಂತ ನಾನು..."

"ತೆಗಿ. ಒಳ್ಳೇದಕ್ಕೆ ಅಂತ ಸೇರಿಸ್ಬೇಡ."

"ನನ್ನಿಂದ ಒಂದು ಚಿಕ್ಕ ತಪ್ಪು..."

"ಚಿಕ್ಕದಾ?"

ಮೆಕ್ಯಾನಿಕ್ಕು ಏನೋ ಹೇಳಲು ಬಾಯಿ ತೆರೆದ. ಸಿಸ್ಟರ್ ಕೈ ಅಡ್ಡ ಮಾಡಿದರು. ಬಾಣದಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಮೂರನೇ ಸಲ ಗುಂಡಿ ಒತ್ತಿದಳು. "ನನ್ನ ಮಗಳ ಡೈರಿ ಕದ್ದು ಓದಿದೆ. ಅವಳನ್ನ ಕೇಳದೆ ನಿಮಗೆ ಕಳಿಸಿದೆ. ಇನ್ನೊಬ್ಬ ಹುಡುಗಿಯ ಗುಟ್ಟನ್ನೂ ಬೀದಿಗೆ ಹಾಕಿದೆ. ಇದು ನಾನು ಮಾಡಿದ್ದು. ಯಾರ ಹತ್ರ ಆ ಫೋಟೋ ಬಂದ್ರೂ ಅಳಿಸಿ, ಕಳಿಸಿದವರಿಗೂ ಅಳಿಸೋಕೆ ಹೇಳಿ."

ಮಗಳು ಫೋನ್ ಕೆಳಗಿಟ್ಟಳು. "ಊಟ ಇದ್ಯಾ?" ಎಂದಳು. ಕ್ಷಮಿಸಿದೆ ಅನ್ನಲಿಲ್ಲ.

ಮರುದಿನ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ರಜೆ ಹಾಕಿ ಮುಖ್ಯೋಪಾಧ್ಯಾಯರ ಮುಂದೆ ಕೂತರು. "ಮಕ್ಕಳ ತಮಾಷೆ, ದೊಡ್ಡದು ಮಾಡ್ಬೇಡಿ" ಎಂದರು ಅವರು. "ನನ್ನ ಮಗಳ ಜಡೆ ಹಿಡಿದೆಳೆದಿದ್ದು ತಮಾಷೆನಾ ಸರ್? ಹಾಗಾದ್ರೆ ನಗೋಣ, ಮೊದಲು ನೀವು ನಗಿ" ಎಂದ ಮೆಕ್ಯಾನಿಕ್ಕು. ಅವರು ನಗಲಿಲ್ಲ. ಮಧ್ಯಾಹ್ನವೇ ಎಲ್ಲ ಮನೆಗಳಿಗೂ ಪತ್ರ ಹೋಯಿತು. ಜಡೆ ಎಳೆದ ಇಬ್ಬರ ತಾಯ್ತಂದೆಯರನ್ನು ಕರೆಸಿದರು. ಸಂಜೆ ಬಾಣದಕ್ಕ ಮಗಳ ಗುಂಪು ನಡೆಸುವ ಆ ಟೀಚರಿಗೆ ಮಗಳ ಎದುರಿಗೇ ಫೋನ್ ಮಾಡಿ ಕೇಳಬೇಕಾದ್ದನ್ನೆಲ್ಲಾ ಕೇಳಿದಳು. ಶನಿವಾರ ಚರ್ಮದ ಡಾಕ್ಟರು ನೋಡಿ ಔಷಧಿ ಬರೆದರು.

ಆ ಇನ್ನೊಬ್ಬ ಹುಡುಗಿಗೆ ಮಗಳು ಆದದ್ದೆಲ್ಲಾ ಬರೆದು ಕಳಿಸಿದ್ದಳು. ಮೂರು ದಿನ ಉತ್ತರವಿಲ್ಲ. ಭಾನುವಾರ ಬಂತು: "ನಿನ್ನ ಮೇಲೆ ಕೋಪ ನೆತ್ತಿಗೇರಿದೆ. ಗುಂಪಿಗೆ ವಾಪಸ್ ಬಾ. ಎಲ್ಲರ ಮುಂದೆ ನಿನ್ನನ್ನ ಬೈಯಬೇಕು." ಮಗಳು ಅದನ್ನು ಓದಿ ಅತ್ತಳು, ನಕ್ಕಳು, ವಾಪಸ್ ಹೋದಳು, ಬೈಸಿಕೊಂಡಳು. ಸೋಮವಾರ ಶಾಲೆಗೂ ಹೋದಳು. ಪರೀಕ್ಷೆಗೆ ನಾಲ್ಕು ದಿನವಿತ್ತು, ಕೂತು ಓದಿದಳು, ಬರೆದಳು.

ನಾಲ್ಕನೇ ಲೈನಿನ ಗುಂಪು ಈಗಲೂ ಇದೆ. ಬೇರೆಯವರ ಮಾತು ಅವರನ್ನು ಕೇಳದೆ ಹಾಕುವಂತಿಲ್ಲ, ಇಲ್ಲಿನದು ಆಚೆ ಹೋಗುವಂತಿಲ್ಲ, ಮಕ್ಕಳ ಫೋಟೋ ಬೇಡವೇ ಬೇಡ. ಮೀರಿದರೆ ಹೊರಗೆ. ನಿಯಮ ಬರೆದವಳು ಕಾಲರ್. ಸಿಸ್ಟರ್ ಮಾತು ಕೇಳಿ ಬಾಣದಕ್ಕನೂ ಒಂದು ಪುಸ್ತಕ ತಂದಿದ್ದಾಳೆ. ಯಾರ ಮೇಲಾದರೂ ಮೈ ಉರಿದರೆ ಮೊದಲು ಅದರಲ್ಲಿ ಬರೆಯುತ್ತಾಳೆ. ಬರೆದ ಮೇಲೆ ನೋಡಿದರೆ, ಅದರಲ್ಲಿ ಅರ್ಧದಷ್ಟು ಮಾತು ಗುಂಪಿಗೆ ಹೇಳುವಂಥದ್ದೇ ಆಗಿರುವುದಿಲ್ಲ. "ಏನೇ ಅದು, ನನ್ನ ವಿಷಯನಾ?" ಎಂದು ಗಂಡ ಕತ್ತು ಚಾಚಿದ. "ಕೇಳೋ ಹಾಗಿಲ್ಲ" ಎಂದಳು. ಅವನು ಮೇಜಿನ ಎರಡು ಖಾನೆಗೆ ಬೀಗ ಕೂರಿಸಿ, ಒಂದರ ಕೀಲಿ ಹೆಂಡತಿಗೆ, ಒಂದರ ಕೀಲಿ ಮಗಳಿಗೆ ಕೊಟ್ಟ. ತನಗೆ ಇಟ್ಟುಕೊಳ್ಳಲಿಲ್ಲ.

ಅಮ್ಮನ ಹತ್ತಿರ ಮಗಳು ಇನ್ನೂ ಮೊದಲಿನಂತೆ ಮಾತಾಡುತ್ತಿಲ್ಲ. ತಲೆಗೆ ಔಷಧಿ ಹಚ್ಚಲು ಮಾತ್ರ ಬಿಡುತ್ತಾಳೆ. ಅಷ್ಟು ಸಿಕ್ಕಿದೆ. ಉಳಿದದ್ದನ್ನು ಬಾಣದಕ್ಕ ದುಡಿದೇ ಪಡೆಯಬೇಕು.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಇಂಥ ಗುಂಪಿನಲ್ಲಿದ್ದೀರಿ. ಇರಿ. ನಿಮ್ಮ ಕಷ್ಟ ಬಲ್ಲ ಐದು ಜನ ಸಿಕ್ಕರೆ ಅದು ಚಿಕ್ಕ ಭಾಗ್ಯವಲ್ಲ. ಡೈರಿ ಬರೆಯಿರಿ, ಮಕ್ಕಳಿಗೂ ಬರೆಯಲು ಬಿಡಿ, ಅವರು ಬಚ್ಚಿಟ್ಟದ್ದನ್ನು ಮುಟ್ಟಬೇಡಿ. ಭಯವಾದರೆ ಎದುರು ಕೂತು ಕೇಳಿ. ಆದರೆ ಇನ್ನೊಬ್ಬರ ಪುಟವನ್ನು ಎತ್ತಿ ಹಿಡಿದು "ನೋಡ್ರಮ್ಮಾ" ಅನ್ನುವ ಮೊದಲು ಆ ಜಾಗದಲ್ಲಿ ನಿಮ್ಮ ಹೆಸರನ್ನು ಇಟ್ಟು ನೋಡಿ. ಮತ್ತೆ ಈಗ, ಈ ಕಾಗದವನ್ನು ಪಕ್ಕಕ್ಕಿಟ್ಟು, ನಿಮ್ಮ ಫೋನ್ ತೆಗೆಯಿರಿ. ಯಾರದೋ ಮಗಳದು, ಯಾರದೋ ಸೊಸೆಯದು, ನಿಮಗೆಂದು ಬರೆಯದ ಒಂದು ಪುಟ, ಒಂದು ಫೋಟೋ ಅದರಲ್ಲಿ ಇದ್ದೇ ಇದೆ. ಯಾವುದು ಅಂತ ನಿಮಗೂ ಗೊತ್ತು. ನಾಳೆ ಅನ್ನಬೇಡಿ. ಅಳಿಸಿ.