ಬೆಂಕಿ ಬೀಳಲಿ ಅಂದವಳು

ನ್ಯಾಯಾಲಯದಲ್ಲಿ ದುಭಾಷಿಯ ಕೆಲಸ ಹಿಡಿದಂದಿನಿಂದ ಆಕೆ ಇನ್ನೊಬ್ಬರ ಮಾತಿಗೆ ತನ್ನದೊಂದು ಹರಳು ಉಪ್ಪನ್ನೂ ಸೇರಿಸಿದವಳಲ್ಲ. ಆದರೆ ಆ ದಿನ ಕಟಕಟೆಯಲ್ಲಿ ನಿಂತವಳನ್ನು ಕಂಡು ಆಕೆಗೆ ಕನಿಕರವಾಯಿತು. ನೂಲಿನ ಗಿರಣಿಯ ಕೆಲಸದವಳು. ಕೋರ್ಟಿನ ಭಾಷೆ ಒಂದಕ್ಷರ ಬಾರದು. ಗಿರಣಿಯ ಬಾಗಿಲಲ್ಲಿ ನಿಂತು, ನಾಲ್ಕು ಜನರ ಎದುರಿಗೆ, "ಇದಕ್ಕೆ ಬೆಂಕಿ ಬೀಳ" ಎಂದಿದ್ದಳು. ವಾರ ಕಳೆಯುವುದರೊಳಗೆ ಗಿರಣಿಯ ಹತ್ತಿ ಗೋದಾಮು ಹೊತ್ತಿ ಉರಿದಿತ್ತು. ಹಚ್ಚಿದ್ದನ್ನು ಕಂಡವರಿಲ್ಲ. ಪೊಲೀಸರ ಕೈಯಲ್ಲಿದ್ದದ್ದು ಆ ಒಂದು ಮಾತು.

"ಇದು ಬೆದರಿಕೆಯೋ, ಬೈಗುಳವೋ?" ನ್ಯಾಯಾಧೀಶರು ದುಭಾಷಿಯನ್ನೇ ಕೇಳಿದರು.

"ನಮ್ಮ ಮಾತಲ್ಲಿ ಬೈಗುಳ, ಸ್ವಾಮಿ. ಚಿಕ್ಕಂದಿನಲ್ಲಿ ನಮ್ಮಮ್ಮ ದಿನಾ 'ನಿನ್ನ ಬಾಯಿಗೆ ಬೆಂಕಿ ಹಾಕ' ಅಂತಿದ್ರು. ಬಾಯಿ ಇನ್ನೂ ಗಟ್ಟಿಯಾಗೇ ಇದೆ."

ಕೋರ್ಟಿನಲ್ಲಿ ನಗು ಎದ್ದಿತು. ದುಭಾಷಿ ತಾನು ಹೇಳಿದ್ದನ್ನು ನಿಯಮದಂತೆ ಆರೋಪಿಗೂ ತಿಳಿಸಿದಳು. ಅವಳು ನಗಲಿಲ್ಲ.

"ಹಾಗನ್ನಬೇಡಿ ಅಕ್ಕ. ಬಾಯಿಮಾತಿಗೆ ಅಂದಿದ್ದಲ್ಲ. ನನ್ನ ತಂಗಿ ಕೈ ಆ ಮಷೀನಿಗೆ ಸಿಕ್ತು, ಮೊಣಕೈ ತನಕ ಹೋಯ್ತು. ತಪ್ಪು ಅವಳದ್ದೇ ಅಂದ್ರು ಮಾಲೀಕ್ರು. ಹೊಟ್ಟೆ ಉರಿದು, ಉರಿದುಹೋಗ್ಲಿ ಅಂತಾನೇ ಅಂದೆ. ಆದ್ರೆ ಹಚ್ಚಿದ್ದು ನಾನಲ್ಲ. ಇದನ್ನ ಇದ್ದ ಹಾಗೇ ಹೇಳಿ."

ದುಭಾಷಿ ನ್ಯಾಯಾಧೀಶರ ಕಡೆ ತಿರುಗಿದಳು. ಅರ್ಧ ಮಾತು ನುಂಗಿಬಿಟ್ಟರೆ ಈ ಹೆಂಗಸು ಪಾರಾದಾಳು. ಇಲ್ಲಿ ಯಾರಿಗೂ ಗೊತ್ತಾಗದು. ಆದರೆ ಇವಳಿಗೆ ಉಳಿದಿರುವುದೇ ಈ ಸಿಟ್ಟು, ಅದನ್ನೂ ಕಸಿದುಕೊಂಡಂತಾಗುತ್ತದೆ. ಒಂದಕ್ಷರ ಬಿಡದೆ ಹೇಳಿದಳು. ತಾನು ಮೊದಲು ಕೊಟ್ಟ ಅರ್ಥ ತಪ್ಪಿತ್ತೆಂದೂ ಒಪ್ಪಿಕೊಂಡಳು.

ಸರ್ಕಾರಿ ವಕೀಲರು ಎದ್ದೇ ನಿಂತರು. "ಒಪ್ಕೊಂಡ್ಳಲ್ಲ!"

"ಕೂತ್ಕೊಳ್ಳಿ," ಎಂದರು ನ್ಯಾಯಾಧೀಶರು. "ಬಯಸಿದ್ದನ್ನ ಒಪ್ಕೊಂಡಿದ್ದಾಳೆ, ಹಚ್ಚಿದ್ದನ್ನಲ್ಲ. ಕೆಟ್ಟದ್ದು ಬಯಸಿದವರನ್ನೆಲ್ಲ ಒಳಗೆ ಹಾಕಿದ್ರೆ, ಬೀಗ ಹಾಕೋಕೆ ಹೊರಗೆ ಯಾರೂ ಉಳಿಯೋಲ್ಲ."

ಆದರೂ ಅಂದೇ ಬಿಡಲಿಲ್ಲ. ಪೊಲೀಸರು ಮತ್ತಷ್ಟು ದಿನ ಸಾಕ್ಷಿ ಹುಡುಕಿ, ಸಿಗದೆ, ಕೊನೆಗೆ ಕೈಚೆಲ್ಲಿದ ಮೇಲೆ ಬಿಡುಗಡೆಯಾಯಿತು. ಗಿರಣಿಯವರು ಕೆಲಸಕ್ಕೆ ಮತ್ತೆ ಸೇರಿಸಿಕೊಳ್ಳಲಿಲ್ಲ.

ಬಿಡುಗಡೆಯ ದಿನ ಕೋರ್ಟಿನ ಮೆಟ್ಟಿಲ ಮೇಲೆ ತಂಗಿ ಕಾಯುತ್ತಿದ್ದಳು. ಅಕ್ಕ ಹೊರಬಂದಾಗ ದುಭಾಷಿ ಅವಳ ಹತ್ತಿರ ಹೋದಳು.

"ಅವತ್ತು ನೀನು ಸುಮ್ನಿದ್ದಿದ್ರೆ ಆಗ್ಲೇ ಬಿಡ್ತಿದ್ರೇನೋ ತಾಯಿ."

"ಬಿಡ್ತಿದ್ರೇನೋ ಅಕ್ಕ. ಆದ್ರೆ ಇವಳ ಕೈ ಹೋದಾಗ ಏನೋ ಬಾಯಿಗೆ ಬಂದದ್ದು ಅಂದೆ ಅಂತ ಇವಳ ಮುಂದೆ ಹೇಗೆ ಹೇಳ್ಲಿ?"

ತಂಗಿ ಇದ್ದೊಂದು ಕೈಯಲ್ಲಿ ಅಕ್ಕನ ಚೀಲ ಇಸಿದುಕೊಂಡಳು. ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು.