ಬ್ಯಾಟರಿ ಕೆಲಸ ಕಲಿಯಲು ಹೊರಟ ಅಮೃತಾ

ಯಲಬುರ್ಗಾ ಕಡೆಯ ಒಂದು ಊರು. ಪಕ್ಕದಲ್ಲೇ ಬ್ಯಾಟರಿ ಕಾರ್ಖಾನೆಯ ಕಟ್ಟಡ ಏಳುತ್ತಿತ್ತು. ಊರಿನವರಿಗೆ ಸಿಕ್ಕಿದ್ದು ಮಣ್ಣು ಹೊರುವ ಕೆಲಸ, ಗೇಟು ಕಾಯುವ ಕೆಲಸ. ಯಂತ್ರ ನಡೆಸಲು ಹೊರಗಿನ ಹುಡುಗರು ಬರುತ್ತಾರಂತೆ ಎಂಬ ಸುದ್ದಿ ಕೇಳಿ ಟ್ರ್ಯಾಕ್ಟರ್ ಹೊಡೆಯುವ ಕಳಕಪ್ಪನಿಗೆ ಸಿಟ್ಟು ಬಂದಿತ್ತು. ಚಹಾದಂಗಡಿಯಲ್ಲಿ ಕೂತಾಗಲೆಲ್ಲ ಅದೇ ಮಾತು: "ನೆಲ ನಮ್ಮದು, ಧೂಳು ನಮಗ, ನೌಕರಿ ಮಾತ್ರ ಹೊರಗಿನ ಮಂದಿಗೆ!"

ಆದರೆ ಮಗಳು ಅಮೃತಾ, "ಅಪ್ಪಾ, ಕೊಪ್ಪಳದಾಗ ಬ್ಯಾಟರಿ ಕೆಲಸ ಕಲಸ್ತಾರ, ನಾ ಸೇರ್ತೀನಿ" ಎಂದಾಗ ಅದೇ ಕಳಕಪ್ಪ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ.

"ಬ್ಯಾಟರಿ ಹೆಸರು ಎತ್ತಬ್ಯಾಡ. ನನ್ನ ಮಾರಿ ನೋಡಿಲ್ಲೇನು?"

ಅವನ ಎಡಗೆನ್ನೆಯ ಚರ್ಮ ಸುಟ್ಟು ಬಿಗಿದುಕೊಂಡಿತ್ತು. ಅಮೃತಾ ತೊಟ್ಟಿಲಲ್ಲಿದ್ದಾಗ ಅವನು ಟ್ರ್ಯಾಕ್ಟರಿನ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ, ನೀರು ಎಷ್ಟಿದೆ ಎಂದು ನೋಡಲು ಕತ್ತಲಲ್ಲಿ ಬಗ್ಗಿ ಬೆಂಕಿಕಡ್ಡಿ ಗೀರಿದ್ದ. ಬ್ಯಾಟರಿ ಸಿಡಿದು ಆ್ಯಸಿಡ್ ಮುಖಕ್ಕೆ ಹಾರಿತ್ತು. ಮಗಳಿಗೂ ಹಾಗೇ ಆದರೆ? ಅದನ್ನು ಬಾಯಿಬಿಟ್ಟು ಹೇಳಲಾರದೆ ಎದ್ದು ಹೋದ.

ಮರುದಿನ ವಿಷಯ ತಿಳಿದು ಪಕ್ಕದ ಮನೆಯ ಅಬೇದಾಬಿ ಬಂದಳು. ಮಹಿಳಾ ಸಂಘದಲ್ಲಿ ಮುಂದೆ ನಿಂತು ಓಡಾಡುವವಳು. ಅವಳ ಮಗಳು ಅಂಜುಮ ಆಗಲೇ ಆ ತರಬೇತಿಗೆ ಹೋಗುತ್ತಿದ್ದಳು.

"ಕಳಕಪ್ಪಣ್ಣ, ನೌಕರಿ ಹೊರಗಿನವರ ಪಾಲಾಗ್ತಾವ ಅಂತೀರಿ. ಮನಿ ಹುಡುಗಿ ಕಲೀತೀನಿ ಅಂದ್ರ ಬ್ಯಾಡ ಅಂತೀರಿ. ಹಿಂಗಾದ್ರ ಹ್ಯಾಂಗ್ರಿ?"

"ಸುಟ್ಕೊಂಡಾಂವ ನಾನು, ಅಕ್ಕಾ. ನಿಮಗೇನು ಗೊತ್ತು?"

"ನನಗ ಗೊತ್ತಿಲ್ಲ. ಅದಕ್ಕ ಗೊತ್ತಿದ್ದವರನ್ನ ಕೇಳೂಣು ಬರ್ರಿ."

ಒಲ್ಲದ ಮನಸ್ಸಿನಿಂದಲೇ ಅವನು ಅವಳ ಜೊತೆ ಕೊಪ್ಪಳದ ಬಸ್ ಹತ್ತಿದ. ತರಬೇತಿ ಕೇಂದ್ರದ ಬಾಗಿಲಲ್ಲೇ ಶಿಕ್ಷಕ ಕಾಶಿನಾಥ ಅವನನ್ನು ತಡೆದರು.

"ಯಜಮಾನ್ರ, ಕೈಯಾಗಿನ ಬೆಳ್ಳಿ ಕಡಗ ತಗದು ಬರ್ರಿ. ಬ್ಯಾಟರಿಗೆ ತಾಗಿದ್ರ ಕಿಡಿ ಹಾರತೈತಿ."

ಒಳಗೆ ಅಂಜುಮ ಮತ್ತು ಅವಳ ಜೊತೆಯವರು ಕನ್ನಡಕ, ಕೈಗವಸು ಹಾಕಿಕೊಂಡು ಸಣ್ಣ ಸಣ್ಣ ಬ್ಯಾಟರಿಗಳನ್ನು ಮೀಟರಿನಿಂದ ಪರೀಕ್ಷಿಸುತ್ತಿದ್ದರು. ಕಳಕಪ್ಪ ಸುತ್ತಿ ಬಳಸದೆ ಕಾಶಿನಾಥರನ್ನು ಕೇಳಿದ: "ಇವು ಸಿಡಿಯೂದಿಲ್ಲ ಅಂತ ಮಾತು ಕೊಡ್ತೀರೇನ್ರಿ?"

"ಇಲ್ರಿ. ಅಪಾಯ ಇಲ್ಲ ಅಂದ್ರ ಸುಳ್ಳಾಗತೈತಿ. ಉಬ್ಬಿದ್ದಕ್ಕ, ತೂತು ಬಿದ್ದದ್ದಕ್ಕ ಬೆಂಕಿ ಹತ್ತಬಹುದು. ಅಂಥಾವನ್ನ ಗುರ್ತು ಹಿಡಿದು ದೂರ ಇಡೂದನ್ನ ಮೊದಲು ಕಲಸ್ತೀವಿ. ಮಷೀನಿಗೆ ಕೈ ಹಚ್ಚೂದು ಆಮ್ಯಾಲೆ."

ಕಳಕಪ್ಪ ತನಗಾದದ್ದನ್ನು ಹೇಳಿದ. ಅಂಜುಮ ಮೆಲ್ಲಗೆ ಅಂದಳು: "ಕಾಕಾ, ಟ್ರ್ಯಾಕ್ಟರ್ ಬ್ಯಾಟರಿ ಚಾರ್ಜ್ ಆಗುವಾಗ ಹತ್ತಿ ಉರಿಯೋ ಗ್ಯಾಸ್ ಬಿಡತೈತಿ. ಅದರ ಹತ್ತಿರ ಕಡ್ಡಿ ಗೀರಬಾರದು."

ಕಳಕಪ್ಪ ಬೆಂಚಿನ ಮೇಲೆ ಕೂತುಬಿಟ್ಟ. ಇಷ್ಟು ವರ್ಷ ಹಣೆಬರಹ ಎಂದುಕೊಂಡಿದ್ದ. "ಇಷ್ಟು ಹೇಳಾವರು ಆವತ್ತು ಯಾರೂ ಇರಲಿಲ್ಲ ನೋಡ್ರಿ" ಎಂದ. ಆಮೇಲೆ ಕಾಶಿನಾಥರ ಕಡೆ ತಿರುಗಿ ಕೇಳಿದ: "ಕಲಿತರ ನೌಕರಿ ಖಾತ್ರಿ ಏನ್ರಿ?"

"ಖಾತ್ರಿ ಕೊಡೂದು ನನ್ನ ಕೈಯಾಗಿಲ್ರಿ. ಆದ್ರ ಕೆಲಸ ಗೊತ್ತಿಲ್ಲದವರನ್ನ ಮಷೀನ್ ಮುಂದ ಯಾರೂ ನಿಲ್ಲಸಂಗಿಲ್ಲ."

ಮನೆಗೆ ಬಂದವನೇ ಮಗಳನ್ನು ಕರೆದ. "ಹೋಗವಾ, ಕಲಿ. ಅವರು ಹಾಕ್ಕೋ ಅಂದ ಕನ್ನಡಕ ಮಾತ್ರ ಒಂದಿನಾನೂ ತಗೀಬ್ಯಾಡ."

ಅಮೃತಾ ತರಬೇತಿ ಮುಗಿಸಿದಳು. ಊರ ಪಕ್ಕದ ಕಾರ್ಖಾನೆಯ ಮೊದಲ ಸಂದರ್ಶನದಲ್ಲಿ ಅವಳನ್ನು ಆರಿಸಲಿಲ್ಲ. ಅತ್ತಳು, ಮತ್ತೆ ಅಭ್ಯಾಸ ಮಾಡಿದಳು, ಮುಂದಿನ ಸಲ ಆಯ್ಕೆಯಾದಳು. ಈಗ ಅಲ್ಲಿ, ತಯಾರಾದ ಬ್ಯಾಟರಿಗಳನ್ನು ಪರೀಕ್ಷಿಸುವ ವಿಭಾಗದಲ್ಲಿದ್ದಾಳೆ. ಕುಷ್ಟಗಿ, ಗಂಗಾವತಿ ಕಡೆಯ ಹುಡುಗಿಯರೂ ಅವಳ ಜೊತೆಗಿದ್ದಾರೆ.

ಓದುಗರೇ, ನಿಮ್ಮ ಮನೆಯಲ್ಲೂ ಕಲಿತ ಮಕ್ಕಳಿದ್ದಾರಲ್ಲವೇ? ಹತ್ತಿರದ ಐಟಿಐಯಲ್ಲಿ, ಉದ್ಯೋಗ ಕಚೇರಿಯಲ್ಲಿ ಇಂಥ ತರಬೇತಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ. ನೀವೂ ಹೋಗಿ ಕಣ್ಣಾರೆ ನೋಡಿ. ಸುರಕ್ಷತೆ ಹೇಗೆ ಕಲಿಸುತ್ತೀರಿ ಎಂದು ಅಳುಕದೆ ಕೇಳಿ. ಮನಸ್ಸಿಗೆ ಒಪ್ಪಿದರೆ ಮಗನ ಜೊತೆ ಮಗಳನ್ನೂ ಕಳಿಸಿ. ನಿಮ್ಮ ಕಡೆಯ ಕಾರ್ಖಾನೆ ಬಾಗಿಲು ತೆರೆಯುವ ಹೊತ್ತಿಗೆ ನಮ್ಮ ಮಕ್ಕಳ ಕೈಯಲ್ಲಿ ಕಸುಬು ಇರಲಿ.