ತಿರುಗದ ಮೂರು ಮುಳ್ಳು

ನಾನು ಒಂದು ಗಂಡಸರ ಕೈಗಡಿಯಾರ. ಹಾಗೆಂದು ಹೇಳಿಕೊಳ್ಳಲೂ ನನಗೆ ಅಸಹ್ಯವಾಗುತ್ತದೆ. ನನ್ನನ್ನು ಜೋಡಿಸಿದ ತಗಡಿನ ಶೆಡ್ಡಿನಲ್ಲೇ ನನ್ನ ಜನ್ಮಕ್ಕೆ ಒಂದು ಸುಳ್ಳು ಅಂಟಿಕೊಂಡಿತು. ಅಗಲವಾದ ಕರಿಯ ಮುಖ, ಗಂಟೆಗೊಂದು ನಿಮಿಷಕ್ಕೊಂದು ಮುಳ್ಳು, ನಡುವೆ ತೆಳ್ಳನೆಯ ಕೆಂಪು ಸೆಕೆಂಡಿನ ಮುಳ್ಳು. ಇಷ್ಟು ಸಾಕಿತ್ತಲ್ಲ? ಸಾಲದೆಂದು ಮುಖದ ಮೇಲೆ ಮೂರು ಪುಟ್ಟ ಸುತ್ತು ಬರೆದು, ಒಂದೊಂದರಲ್ಲೂ ಒಂದೊಂದು ಮುಳ್ಳು ಅಂಟಿಸಿದರು. ಅವು ತಿರುಗುವುದಿಲ್ಲ. ಪಕ್ಕದಲ್ಲಿ ಎರಡು ಗುಂಡಿ ಇಟ್ಟರು. ಒತ್ತಿದರೆ ಏನೂ ಆಗುವುದಿಲ್ಲ. ವಿಮಾನ ಹಾರಿಸುವವರ ವಾಚಿನಂತೆ ಕಾಣಲಿ ಎಂದು ಈ ವೇಷವಂತೆ. ವಿಮಾನ ಹಾರಿಸುವವನು ಯಾವನಪ್ಪ ನನ್ನನ್ನು ಕೊಳ್ಳುವುದು?

ಅಲ್ಲಿಂದ ದಾವಣಗೆರೆಯ ಒಂದು ವಾಚಿನಂಗಡಿಗೆ ಬಂದೆ. ಗಾಜಿನ ಪೆಟ್ಟಿಗೆಯೊಳಗೆ ನಮ್ಮೆಲ್ಲರ ಮುಳ್ಳುಗಳನ್ನೂ ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಲ್ಲಿಸಿದ್ದರು. ಹಾಗಿಟ್ಟರೆ ವಾಚು ನಕ್ಕಂತೆ ಕಾಣುತ್ತದಂತೆ. ನಗುವಂಥದ್ದು ಅಲ್ಲಿ ಏನಿತ್ತು! ನನ್ನ ಎಡಕ್ಕಿದ್ದವನು ಹೊಟ್ಟೆ ಬಗೆದು ಕರುಳು ತೋರಿಸುವ ಜಾತಿ. ಹಲ್ಲುಚಕ್ರಗಳೆಲ್ಲ ಹೊರಗೆ, ಗಂಟೆ ಎಷ್ಟೆಂದು ಮಾತ್ರ ದೇವರಿಗೇ ಗೊತ್ತು. ಬಲಕ್ಕಿದ್ದವನು ಸಮುದ್ರದಡಿ ಮುಳುಗಿದರೂ ತನಗೇನೂ ಆಗದೆಂದು ಬೆನ್ನ ಮೇಲೆ ಬರೆಸಿಕೊಂಡಿದ್ದ. ಅವನನ್ನು ಕೊಂಡ ದಲ್ಲಾಳಿ ನಲ್ಲಿ ಕಂಡರೆ ಸಾಕು, ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಪಟ್ಟಿ ಬದಲಿಸಲು ಬಂದಾಗ ಆ ದಲ್ಲಾಳಿಯೇ ಜಂಬದಿಂದ ಹೇಳಿದ. ಎದುರಿಗೆ ಮೊಬೈಲಿನ ತಮ್ಮನೊಬ್ಬ. ಆಗಾಗ ಕರೆಂಟು ಕುಡಿಸದಿದ್ದರೆ ಮೂರ್ಛೆ ಹೋಗುತ್ತಾನೆ. ಯಜಮಾನ ಎಷ್ಟು ನಡೆದ, ಎಷ್ಟು ಹೊತ್ತು ಮಲಗಿದ ಎಂದು ಚಾಡಿ ಹೇಳುವುದೇ ಅವನ ಕಸುಬು. ಮೂಲೆಯಲ್ಲಿ ಬಿಳಿ ಮುಖದ, ಕರಿ ಅಂಕಿಯ, ತೊಗಲು ಪಟ್ಟಿಯ ತೆಳ್ಳಗಿನ ವಾಚೊಂದಿತ್ತು. ಕೇಳಿದ್ದಕ್ಕೆ ಉತ್ತರ ಹೇಳಿ ಸುಮ್ಮನಾಗುವ ಮುಖ. ಅದನ್ನು ಯಾರೂ ಕೇಳುತ್ತಿರಲಿಲ್ಲ.

ಒಂದು ಸಂಜೆ ಮೂವರು ಬಂದರು. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರಾಗಿದ್ದು ನಿವೃತ್ತರಾದ ತಿಪ್ಪೇಸ್ವಾಮಿ, ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದ ಅವರ ಎರಡನೇ ಮಗಳು ವಿಶಾಲಾಕ್ಷಿ, ಹಿರಿಯ ಅಳಿಯ ಕೊಟ್ರೇಶ. ವಿಶಾಲಾಕ್ಷಿಯ ಮದುವೆ ಗೊತ್ತಾಗಿತ್ತು. ಹಸೆಯ ಮೇಲೆ ಮದುಮಗನ ಕೈಗೆ ಹೆಣ್ಣಿನ ಕಡೆಯವರು ವಾಚು ಕಟ್ಟಬೇಕು, ಅದು ಅವರಲ್ಲಿ ನಡೆದುಬಂದ ರೂಢಿ. ಅಪ್ಪ ಮಗಳು ಇಬ್ಬರಿಗೂ ಆ ಬಿಳಿ ಮುಖದ್ದೇ ಒಪ್ಪಿಗೆಯಾಯಿತು. ಕೊಟ್ರೇಶ ಮೂಗು ಮುರಿದ. ಗಂಡಸಿನ ಕೈ ತುಂಬಬೇಡವೇ, ಇದೇನು ಮೇಷ್ಟ್ರ ವಾಚು ಎಂದ. ಅವನ ಮಣಿಕಟ್ಟಿನಲ್ಲಿ ಅವನ ಮದುವೆಯಲ್ಲಿ ಇದೇ ಮಾವ ಕಟ್ಟಿದ ವಾಚಿತ್ತು. ನೋಡಲು ನನ್ನ ಅಣ್ಣನಂತೆಯೇ, ಆದರೆ ಅವನ ಪುಟ್ಟ ಮುಳ್ಳುಗಳು ಗುಂಡಿ ಒತ್ತಿದರೆ ನಿಜವಾಗಿ ಓಡುವಂಥವು. ಮಾವ ಕನ್ನಡಕ ಒರೆಸುತ್ತಿದ್ದಾಗ ಕೊಟ್ರೇಶ ಅಂಗಡಿಯವನ ಕಿವಿಯಲ್ಲಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು.

"ನನ್ನದರಂಗೆ ಕಾಣ್ಬೇಕು. ನನ್ನದರ ಸಮಕ್ಕೆ ಇರಬಾರ್ದು."

ಅಂಗಡಿಯವನ ಕೈ ನೇರ ನನ್ನ ಮೇಲೆ ಬಿತ್ತು. ಹಿರಿಯ ಅಳಿಯನ ಮಾತು ಮೀರಲಾರದೆ ತಿಪ್ಪೇಸ್ವಾಮಿ ಒಪ್ಪಿದರು, ಅಂಗಡಿಯವನು ಗಂಟೆ ಸರಿಮಾಡಿ ನನ್ನನ್ನು ಓಡಿಸಿ ಕೊಟ್ಟ. ನನ್ನ ಬೆಲೆ ನನಗೆ ತಿಳಿದದ್ದು ಆಗ. ಷಡ್ಡಕ ತನಗಿಂತ ಒಂದು ಮೆಟ್ಟಿಲು ಕೆಳಗಿರಲಿ ಎಂಬ ಹೊಟ್ಟೆಕಿಚ್ಚಿಗೆ ಸರಿಯಾದ ಅಳತೆ ನಾನು. ಛೀ!

ಮದುವೆಯ ದಿನ ತಿಪ್ಪೇಸ್ವಾಮಿ ನನ್ನನ್ನು ಮದುಮಗ ಚನ್ನವೀರನ ಕೈಗೆ ಕಟ್ಟಿದರು. ಅವನದು ಹಾರ್ಡ್‌ವೇರ್ ಅಂಗಡಿಯ ವ್ಯಾಪಾರ. ಮುಹೂರ್ತ ಹತ್ತಿರ ಬಂದಿದ್ದರೂ ಅವನು ಗಂಟೆ ನೋಡಲಿಲ್ಲ. ತೋಳು ಸರಿಸಿ, ಕೈ ತಿರುಗಿಸಿ, ಫೋಟೋದವನಿಗೆ ತೋರಿಸಿದ. ಅಷ್ಟರಲ್ಲಿ ಕೊಟ್ರೇಶ ಬೇಕೆಂದೇ ತನ್ನ ಕೈಯನ್ನು ಪಕ್ಕಕ್ಕೆ ತಂದು ಗುಂಡಿ ಒತ್ತಿದ. ಅವನ ಮುಳ್ಳು ಸರ್ರನೆ ಓಡಿತು. ಚನ್ನವೀರ ನನ್ನ ಗುಂಡಿ ಒತ್ತಿದ. ಇನ್ನೊಮ್ಮೆ ಒತ್ತಿದ. ನನ್ನನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಅವನ ಮುಖ ಕಪ್ಪಿಟ್ಟಿತು.

"ನಿಂತಿರೋ ವಾಚು ಕಟ್ಯಾರೆ," ಎಂದು ತಾಯಿಗೆ ಹೇಳಿದ.

ಅಷ್ಟೇ ಸಾಕಾಯಿತು. ಹಸೆಯ ಮೇಲೆ ನಿಂತ ಗಡಿಯಾರ ಕಟ್ಟಿದರೆ ಅದೆಂಥ ಅಪಶಕುನ, ಹುಡುಗನ ಆಯುಸ್ಸಿನ ಗತಿ ಏನು ಎಂದು ಬೀಗಿತಿ ಬಾಯಿಗೆ ಬಂದಂತೆ ಮಾತಾಡಿದರು. ಚನ್ನವೀರ ನನ್ನನ್ನು ಬಿಚ್ಚಿ ಅಕ್ಷತೆಯ ತಟ್ಟೆಗೆ ಎಸೆದ. ಅರಿಸಿನದ ಅಕ್ಕಿಯಲ್ಲಿ ಮುಖ ಮೇಲಾಗಿ ಬಿದ್ದುಕೊಂಡೇ ನಾನು ಸರಿಯಾದ ಗಂಟೆ ತೋರಿಸುತ್ತಿದ್ದೆ. ಕೆಂಪು ಮುಳ್ಳು ಓಡುತ್ತಿತ್ತು. ಒಬ್ಬರಾದರೂ ಅತ್ತ ನೋಡಬೇಕಲ್ಲ! ಎಲ್ಲರ ಕಣ್ಣೂ ಆ ಮೂರು ಸುಳ್ಳು ಮುಳ್ಳುಗಳ ಮೇಲೆ. ಅವು ಬರೀ ಅಲಂಕಾರವೆಂದು ತಿಪ್ಪೇಸ್ವಾಮಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬನೇ ಒಬ್ಬನ ಕಡೆ ಅವರು ದೀನವಾಗಿ ನೋಡಿದರು. ಕೊಟ್ರೇಶ ಚಪ್ಪರದ ಹೂವಿನ ಸರ ನೋಡುತ್ತ ನಿಂತಿದ್ದ. ಒಂದು ಮಾತು ಸಾಕಿತ್ತು. ಅವನು ಆಡಲಿಲ್ಲ. ಇಷ್ಟು ಹೇಸಿಗೆ ನನಗೆ ಯಾವ ಬೆವರಿನ ಕೈಯ ಮೇಲೂ ಆಗಿಲ್ಲ.

ಸಂಜೆಯೊಳಗೆ ಅಳಿಯದೇವರು ಬೊಟ್ಟು ಮಾಡಿದ ವಾಚನ್ನೇ ತಂದು ಕಟ್ಟುತ್ತೇನೆ, ತಾಳಿ ಕಟ್ಟಿಬಿಡಿ ಎಂದು ತಿಪ್ಪೇಸ್ವಾಮಿ ಬೇಡಿಕೊಂಡರು. ವಾಚು ಮೊದಲು, ತಾಳಿ ಆಮೇಲೆ ಎಂದ ಚನ್ನವೀರ. ಮುದುಕರು ಅವನ ಕಾಲು ಹಿಡಿಯಲು ಬಗ್ಗಿದರು. ಬಗ್ಗಿದವರು ಮೇಲೇಳಲಿಲ್ಲ, ಕಂಬಕ್ಕೆ ಒರಗಿ ಕುಸಿದರು. ಮೈಯೆಲ್ಲ ಬೆವರು.

ವಿಶಾಲಾಕ್ಷಿ ಹಸೆಯಿಂದ ಎದ್ದಳು. ಬಾಸಿಂಗ ಕಟ್ಟಿದ್ದ ಹಣೆಯಲ್ಲೇ ಬಂದು, ತಟ್ಟೆಯಿಂದ ನನ್ನನ್ನು ಎತ್ತಿಕೊಂಡು, ಅಕ್ಕಿ ಕೊಡವಿ, ಅಪ್ಪನ ಮಣಿಕಟ್ಟು ಹಿಡಿದು ಕೂತಳು. ಅವಳ ಕಣ್ಣು ನನ್ನ ಕೆಂಪು ಮುಳ್ಳಿನ ಮೇಲೆ ನೆಟ್ಟಿತು. ಹುಟ್ಟಿದಾಗಿನಿಂದ ನನ್ನನ್ನು ಹಾಗೆ ನೋಡಿದವರು ಯಾರೂ ಇರಲಿಲ್ಲ. ನಾಡಿ ಜೋರಾಗಿತ್ತು, ಆದರೆ ತಪ್ಪದೆ ಬಡಿಯುತ್ತಿತ್ತು. ಅವಳು ನೀರು ತರಿಸಿ ಅಪ್ಪನನ್ನು ಒರಗಿಸಿ ಕೂರಿಸಿದಳು.

"ಮುಹೂರ್ತ ಮೀರ್ತೈತಿ, ಬಂದು ಕೂತ್ಕೊ," ಎಂದ ಚನ್ನವೀರ.

"ಮೀರಿ ಆಯ್ತು," ಎಂದಳು ಅವಳು. "ಈ ವಾಚು ಸರಿಯಾಗೇ ಓಡ್ತೈತ್ರಿ. ನಿಮಗೆ ಟೈಮ್ ನೋಡಾಕೆ ಬರಲ್ಲ, ಅಷ್ಟೆ."

ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ ನನ್ನನ್ನು ತನ್ನ ಕೈಗೇ ಕಟ್ಟಿಕೊಂಡಳು. ಅಯ್ಯನೋರು ಪಂಚಾಂಗ ಮಡಚಿದರು. ಆ ಮದುವೆ ನಡೆಯಲಿಲ್ಲ.

ಅಂದಿನಿಂದ ನಾನು ಆಸ್ಪತ್ರೆಯ ವಾರ್ಡಿನಲ್ಲಿ ಬದುಕಿದವನು. ಗಂಡಸರ ವಾಚನ್ನು ಕಟ್ಟಿಕೊಂಡಿದ್ದಾಳೆಂದು ಜೊತೆಯವರು ರೇಗಿಸಿದರು, ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೂ ವರಗಳು ಬಂದವು. ಬಂದವರು ನನ್ನನ್ನು ನೋಡಿ ನಕ್ಕರು, ಅವಳು ಅವರನ್ನು ನೋಡಿ ನಕ್ಕು ಕಳಿಸಿದಳು. ಎಷ್ಟೋ ರೋಗಿಗಳ ಮಣಿಕಟ್ಟಿನ ಪಕ್ಕ ನಾನು ಓಡಿದ್ದೇನೆ. ಹಾಸಿಗೆಗೆ ಬರುವ ಮುಂಚೆ ಎಲ್ಲರ ವಾಚನ್ನೂ ಬಿಚ್ಚಿಸುತ್ತಾರೆ. ಕರುಳು ತೋರಿಸುವವನು, ಸಮುದ್ರ ಈಜುವವನು, ಚಿನ್ನದ ನೀರು ಕುಡಿದವನು ಎಲ್ಲ ಹೆಂಡತಿಯ ಬ್ಯಾಗಿಗೆ ಹೋಗುತ್ತಾರೆ.

ಈಗ ನನಗೆ ವಯಸ್ಸಾಗಿದೆ. ಗಾಜಿಗೆ ಗೀರು ಬಿದ್ದಿದೆ, ಅಂಟಿಸಿದ ಮುಳ್ಳೊಂದು ಕಳಚಿ ಒಳಗೇ ಉರುಳಾಡುತ್ತದೆ. ಬಹಳ ದಿನ ಡ್ಯೂಟಿ ರೂಮಿನ ಮೇಜಿನ ಖಾನೆಯಲ್ಲೇ ಇರುತ್ತೇನೆ. ಮೊನ್ನೆ ಅವಳು ಅವಸರದಲ್ಲಿ ನನ್ನನ್ನು ಎತ್ತಿಕೊಂಡು ವಾರ್ಡಿಗೆ ಹೋದಳು. ಹಾಸಿಗೆಯ ಮೇಲೆ ಎದೆನೋವೆಂದು ಕೊಟ್ರೇಶ ಮಲಗಿದ್ದ. ಅವನ ವಾಚು ಬಿಚ್ಚಿದ ಕಡೆ ಚರ್ಮ ಬಿಳಿಚಿಕೊಂಡಿತ್ತು. ಆ ಕೈ ಕಂಡೊಡನೆ ನನ್ನ ಹಳೆಯ ಹೇಸಿಗೆಯೆಲ್ಲ ಉಕ್ಕಿಬಂತು. ನಿಂತುಬಿಡಲೇ ಎನಿಸಿತು. ಅವಳು ಅವನ ಮಣಿಕಟ್ಟು ಹಿಡಿದು ನನ್ನತ್ತ ನೋಡಿದಳು. ಓಡಿದೆ.

ಅವನು ಕಣ್ಣು ತೆರೆದು ನನ್ನನ್ನು ಗುರುತಿಸಿದ.

"ಇದು... ಇನ್ನೂ ಓಡ್ತೈತೇನಮ್ಮ?"

"ಸುಮ್ನಿರ್ರಿ ಭಾವ," ಎಂದಳು ವಿಶಾಲಾಕ್ಷಿ, ನನ್ನಿಂದ ಕಣ್ಣು ತೆಗೆಯದೆ. "ಎಣಿಸ್ತಾ ಇದೀನಿ."